ಬುಧವಾರದ ಕಂಟ್ರೋಲ್

ನನ್ನ ರಕ್ತದ ಬಗ್ಗೆ ನನಗೆ ಬಹಳ ಜಂಬವಿತ್ತು. ನಾನು ನೀಲಾಂಬಿಕಾ ಕಮ್ಮಾರ, ಲ್ಯಾಬ್ ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷ ಊರವರ ರಕ್ತ ತೆಗೆದವಳು. ಮಲಪ್ರಭೆಯ ದಂಡೆಯ ಈ ತಾಲ್ಲೂಕು ಊರಿನಲ್ಲಿ ನನ್ನ ಸೂಜಿ ಕಾಣದ ತೋಳು ಕಡಿಮೆ. ಬೇರೆಯವರ ರಕ್ತದಲ್ಲಿ ಸಕ್ಕರೆಯೋ ಕೊಬ್ಬೋ ಮಲೇರಿಯಾವೋ ಏನಾದರೊಂದು ಸಿಗುತ್ತಿತ್ತು, ನನ್ನದರಲ್ಲಿ ಏನೂ ಇರುತ್ತಿರಲಿಲ್ಲ. ಹಾಗಾಗಿ ಪ್ರತಿ ಬುಧವಾರ ಬೆಳಗ್ಗೆ ಯಂತ್ರಕ್ಕೆ ಮೊದಲು ಹೋಗುತ್ತಿದ್ದುದು ನನ್ನ ರಕ್ತ. ಆ ಜಂಬ ಏನು ಮಾಡಿತು ಎಂಬುದನ್ನು ಹೇಳಬೇಕಾಗಿದೆ.

ಯಂತ್ರ ಎಂದೆನಲ್ಲ, ಅದರ ಸರ್ಕಾರಿ ಹೆಸರು ಒಂದು ಉಸಿರಿಗೆ ಮುಗಿಯುವಂಥದ್ದಲ್ಲ. ನಮ್ಮ ಮಂದಿ ‘ಮೊಳಕಿ ಪೆಟಿಗಿ’ ಎಂದು ಕರೆದರು, ಅದೇ ನಿಂತಿತು. ಅದು ಬಂದ ದಿನ ಲ್ಯಾಬಿನ ಮುಖ್ಯಸ್ಥೆ ಡಾ. ತಸ್ನೀಮ್ ನದಾಫ್ ನಮ್ಮನ್ನೆಲ್ಲ ಕೂರಿಸಿಕೊಂಡು ಚಹಾ ಕುಡಿಯುತ್ತ ಅದರ ಗುಟ್ಟು ಹೇಳಿಕೊಟ್ಟಿದ್ದರು.

“ಎಚ್‌ಐವಿ ಇದ್ದವರ ಮೈಯಾಗ ಕೋಟಿಗಟ್ಟಲೆ ವೈರಾಣು ಇರ್ತಾವು ನೀಲಕ್ಕ. ಒಂದು ಇದ್ದಂಗ ಇನ್ನೊಂದು ಇರೂದಿಲ್ಲ. ಆದ್ರ ಇನ್ನೊಬ್ಬರ ಮೈಗೆ ದಾಟಿದಾಗ ಬಹಳ ಸಲ ಅದರಾಗ ಒಂದ ಒಂದು ಬೇರು ಬಿಡತೈತಿ. ಅದ ಮೊಳಕಿ. ಮೊದಮೊದಲು ಅದರ ಸಂತಾನ ಎಲ್ಲಾ ಒಂದ ನಮೂನಿ ಇರ್ತೈತಿ. ದಿನಾ ಕಳದಂಗ ಒಂದೊಂದು ಅಕ್ಷರ ತಪ್ಪತಾವು. ಎಷ್ಟು ತಪ್ಪ್ಯಾವು ಅಂತ ಎಣಿಸಿ ಪೆಟಿಗಿ ಸೋಂಕಿನ ವಯಸ್ಸು ಹೇಳತೈತಿ.”

ವಯಸ್ಸು ಮೂವತ್ತು ದಿನ ದಾಟಿರದಿದ್ದರೆ ಪೆಟ್ಟಿಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಆ ಒಂದೇ ಮೊಳಕೆಯ ಅಳತೆ ತೆಗೆದು ಅದಕ್ಕೇ ತಕ್ಕ ಚುಚ್ಚುಮದ್ದು ತಯಾರಿಸಿಕೊಡುತ್ತಿತ್ತು, ದರ್ಜಿ ಮೈಗೆ ತಕ್ಕ ಕುಬಸ ಹೊಲಿದಂತೆ. ಒಂದು ಸೂಜಿಗೆ ಸೋಂಕು ಪೂರ್ತಿ ಅಳಿಸಿಹೋಗುತ್ತಿತ್ತು. ಮೂವತ್ತು ದಿನ ದಾಟಿತೋ, ಮೊಳಕೆ ಕವಲೊಡೆದು ಜೀವಕೋಶಗಳೊಳಗೆ ಅಡಗಿಬಿಡುತ್ತಿತ್ತು. ಆಮೇಲೆ ಜೀವನಪೂರ್ತಿ ಮಾತ್ರೆ. ಮಾತ್ರೆ ತಪ್ಪಿಸದವರು ಎಲ್ಲರಂತೆ ಮುದುಕರಾಗುವವರೆಗೂ ಬಾಳುತ್ತಾರೆ, ಅದೇನೂ ಸಾಯುವ ರೋಗವಾಗಿ ಉಳಿದಿಲ್ಲ. ಮಂದಿಗೆ ಇದ್ದ ಹೆದರಿಕೆ ರೋಗದ್ದಲ್ಲ, ಪೆಟ್ಟಿಗೆಯದು.

ಏಕೆಂದರೆ ಹೊಸ ಮೊಳಕೆ ದೃಢವಾದ ಒಂದು ಗಂಟೆಯೊಳಗೆ ಮನೆಯ ಯಜಮಾನರ, ಮದುವೆಯಾದವಳಾದರೆ ಗಂಡನ, ಫೋನಿಗೆ ಸಂದೇಶ ಹೋಗಬೇಕು ಎಂಬುದು ಕಾನೂನು. ಮನೆಯವರೆಲ್ಲ ಬೇಗ ತಪಾಸಣೆಗೆ ಬರಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಆ ಸಂದೇಶಕ್ಕೆಂದೇ ಬೇರೆ ಸದ್ದು ಇತ್ತು, ಮೂರು ಸಲ ಗಂಟೆ ಬಾರಿಸಿದಂಥದ್ದು. ಹೋದ ವರ್ಷ ನಮ್ಮ ಹಿಂದಿನ ಓಣಿಯ ಮನೆಯಲ್ಲಿ ಅದು ಬಾರಿಸಿತು. ನಾವು ಸೂಜಿ ಹಿಡಿದು ಓಡುವಷ್ಟರಲ್ಲಿ ಆ ಹುಡುಗಿಯನ್ನು ಬಾವಿಯಿಂದ ಎತ್ತುತ್ತಿದ್ದರು. ಅವಳಿಗೆ ಇನ್ನೂ ಹತ್ತೊಂಬತ್ತು ದಿನ ಬಾಕಿಯಿತ್ತು.

ಇತ್ತ, ತಪಾಸಣೆಯಲ್ಲಿ ಏನೂ ಸಿಗದವರಿಗೆ ‘ಸ್ವಚ್ಛ’ ಎಂದು ಅಚ್ಚೊತ್ತಿದ ಹಸಿರು ಕಾರ್ಡು. ಮೊದಲು ಮದುವೆ ಮಾತುಕತೆಯಲ್ಲಿ ಕೇಳತೊಡಗಿದರು. ಆಮೇಲೆ ನಮ್ಮ ಹೆಂಗಸರು ಅದನ್ನೂ ಶಾಸ್ತ್ರಕ್ಕೆ ಸೇರಿಸಿಕೊಂಡರು. ಬಸುರಿಯ ಕುಬಸದ ದಿನ, ಅಂದರೆ ಸೀಮಂತದಲ್ಲಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿಯ ಜೊತೆ ಕಾರ್ಡಿಗೂ ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬುವುದು ರೂಢಿಯಾಯಿತು. ನಾನೇ ಎಷ್ಟೋ ಕಾರ್ಡುಗಳನ್ನು ಬರೆದುಕೊಟ್ಟು ಪೇಢೆ ತಿಂದಿದ್ದೇನೆ.

ಇನ್ನು ಕಂಟ್ರೋಲ್ ವಿಷಯ. ಪೆಟ್ಟಿಗೆ ಪ್ರತಿದಿನ ಮೊದಲು ಏನೂ ಇಲ್ಲದ ಒಂದು ರಕ್ತವನ್ನು ಓದಬೇಕು. ಅದರಲ್ಲಿ ಏನಾದರೂ ಕಂಡರೆ ಅದು ಔಷಧದ್ದೋ ಗಾಜಿನದ್ದೋ ಕೊಳೆ ಎಂದು ತಿಳಿದು, ಆ ದಿನದ ಎಲ್ಲರ ಲೆಕ್ಕದಿಂದ ಅದನ್ನು ಕಳೆದುಬಿಡುತ್ತದೆ. ಇದಕ್ಕಾಗಿ ಬೆಂಗಳೂರಿನಿಂದ ಸೀಲು ಮಾಡಿದ ಸೀಸೆಗಳು ಐಸ್ ಡಬ್ಬಿಯಲ್ಲಿ ಬಸ್ಸಿನ ಮೇಲೆ ಬರಬೇಕು. ಬರುವಷ್ಟರಲ್ಲಿ ಐಸ್ ಕರಗಿ ನೀರು, ಸೀಸೆ ಕೆಟ್ಟು ಹಾಳು. ಹೊಸದು ಕೇಳಿದರೆ ಎರಡು ತಿಂಗಳು. ಅಷ್ಟು ದಿನ ಬಾಗಿಲು ಹಾಕಲಾಗುತ್ತದೆಯೇ? ಹಾಗಾಗಿ ನಾವೇ ಸಿಬ್ಬಂದಿ ನಮ್ಮ ನಮ್ಮ ರಕ್ತ ಕೊಡುತ್ತಿದ್ದೆವು, ಒಬ್ಬೊಬ್ಬರಿಗೆ ವಾರದ ಒಂದೊಂದು ದಿನ. ನಾನು ಬುಧವಾರ. ಪ್ರತಿ ಸಣ್ಣ ಲ್ಯಾಬಿನಲ್ಲೂ ಹೀಗೆ ಏನಾದರೊಂದು ಹೊಂದಾಣಿಕೆ ಇದ್ದೇ ಇರುತ್ತದೆ. ನದಾಫ್ ಮೇಡಂ ಗೊತ್ತಿದ್ದೂ ಸುಮ್ಮನಿದ್ದರು.

ಆ ಶುಕ್ರವಾರ ಭೂಮಿಕಾ ಬಂದಳು. ಇಪ್ಪತ್ತೆರಡರ ಹುಡುಗಿ, ಎಂಟು ತಿಂಗಳು ತುಂಬುತ್ತಿತ್ತು. ಜೊತೆಗೆ ಅತ್ತೆ ಮಾದೇವಿ. ಗಂಡ ಅಭಿನಂದನ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸದವನು, ಹದಿನೈದು ದಿನ ಅಲ್ಲಿ, ಹದಿನೈದು ದಿನ ಮನೆಯಲ್ಲಿ. ಹುಡುಗಿಗೆ ಸೂಜಿ ಎಂದರೆ ಜೀವ ಹೋಗುವಷ್ಟು ಹೆದರಿಕೆ.

“ಆ ಕಡೆ ನೋಡವಾ, ಇರಿವಿ ಕಡದಂಗ ಆಕ್ಕೈತಿ ಅಷ್ಟ,” ಎಂದೆ.

ಸೂಜಿ ಹೊರತೆಗೆಯುವಾಗ ಅವಳು ಕೈ ಕೊಸರಿದಳು. ಅದೇ ಸೂಜಿ ನನ್ನ ಎಡಗೈಯ ತೋರುಬೆರಳಿಗೆ ಇಳಿಯಿತು. ಕೈಗವಸಿನೊಳಗೆ ಒಂದು ಹನಿ ಕೆಂಪಗೆ ಹರಡಿತು.

ನಿಯಮ ನನಗೆ ಬಾಯಿಪಾಠ. ತೊಳೆಯಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಮೂರು ದಿನದೊಳಗೆ ತಡೆ ಮಾತ್ರೆ ಶುರು ಮಾಡಿ ಇಪ್ಪತ್ತೆಂಟು ದಿನ ನುಂಗಬೇಕು. ಬರೆದರೆ ಮೂರು ತಿಂಗಳು ರಕ್ತ ತೆಗೆಯುವ ಹಾಗಿಲ್ಲ, ಚೀಟಿ ಅಂಟಿಸುತ್ತ ಕೂರಬೇಕು. ಆದರೂ ಲಾರಿ ಡ್ರೈವರನ ಸೂಜಿ ತಾಗಿದ್ದರೆ ನಾನು ಓಡಿಹೋಗಿ ಮಾತ್ರೆ ನುಂಗಿರುತ್ತಿದ್ದೆ. ಇವಳು ಹಣೆತುಂಬ ಕುಂಕುಮ ಇಟ್ಟುಕೊಂಡ ಬಸುರಿ, ಅತ್ತೆಯ ಸೆರಗು ಬಿಡದ ಕೂಸು. ಇವಳಲ್ಲಿ ಏನಿದ್ದೀತು? ಇಪ್ಪತ್ತೆರಡು ವರ್ಷ ರಕ್ತ ಓದಿದವಳು ಆವತ್ತು ಮುಖ ಓದಿದೆ. ಬೆರಳು ತೊಳೆದು ಸುಮ್ಮನಾದೆ.

ಆ ಗಡಿಬಿಡಿಯಲ್ಲಿ ಅವಳ ಟ್ಯೂಬನ್ನು ಮೇಲೆ ಕೆಳಗೆ ಅಲುಗಿಸಿ ಬೆರೆಸುವುದನ್ನು ಮರೆತೆ. ರಕ್ತ ಹೆಪ್ಪುಗಟ್ಟಿತು, ಪೆಟ್ಟಿಗೆ ತಿರಸ್ಕರಿಸಿತು. ಇನ್ನೊಮ್ಮೆ ಬರಲು ಹೇಳಿ ಕಳಿಸಿದೆವು. ಅವರು ಬಂದದ್ದು ಹನ್ನೆರಡು ದಿನ ಬಿಟ್ಟು, ಬುಧವಾರ. “ಶನಿವಾರ ಕುಬಸ ಐತ್ರಿ ಅಕ್ಕಾರ, ಕಾರ್ಡ್ ಬೇಕ ಬೇಕು,” ಎಂದು ಮಾದೇವಿ ಕೈ ಹಿಡಿದುಕೊಂಡಳು. ಸಂಜೆಯೊಳಗೆ ಫಲಿತಾಂಶ ಬಂತು. ಸ್ವಚ್ಛ. ನಾನೇ ಕಾರ್ಡು ಬರೆದೆ. ಬರೆಯುವಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು, ಏಕೆಂದರೆ ಅವಳು ಸ್ವಚ್ಛ ಎಂದರೆ ನನ್ನ ಬೆರಳೂ ಸ್ವಚ್ಛ.

ಮರುದಿನ ಗುರುವಾರ ಜ್ವರ ಬಂತು. ನನ್ನ ಗಂಡ ಮೌನೇಶ ವೆಲ್ಡಿಂಗ್ ಅಂಗಡಿ ಮುಚ್ಚಿ ಮಧ್ಯಾಹ್ನವೇ ಮನೆಗೆ ಬಂದು ಜೀರಿಗೆ ಕಷಾಯ ಕುದಿಸಿದ. ಗಂಟಲು ನುಂಗಲಾರದಷ್ಟು ನೋವು. ಶುಕ್ರವಾರ ಸ್ನಾನ ಮಾಡುವಾಗ ಎದೆಯ ಮೇಲೆ ಕೆಂಪು ದದ್ದು ಕಂಡಿತು. ಚೊಂಬು ಕೈಯಲ್ಲಿ ಹಾಗೇ ನಿಂತಿತು. ಈ ಮೂರನ್ನೂ ಒಟ್ಟಿಗೆ ನಾನು ಎಷ್ಟು ಜನರಲ್ಲಿ ನೋಡಿಲ್ಲ! ಸೋಂಕು ತಗುಲಿ ಎರಡು ವಾರಕ್ಕೆ ಹೀಗೇ ಬರುತ್ತದೆ, ಜನ ಸಾದಾ ಜ್ವರ ಎಂದುಕೊಂಡು ಬಿಟ್ಟುಬಿಡುತ್ತಾರೆ.

“ಏನ, ಒಳಗ ನಿದ್ದಿ ಹತ್ತೇತನು?” ಎಂದು ಮೌನೇಶ ಬಾಗಿಲು ತಟ್ಟಿದ.

“ಬಂದ್ನಿ,” ಎಂದೆ. ಅವಳ ಕಾರ್ಡು ಸ್ವಚ್ಛ, ಅವಳ ಕಾರ್ಡು ಸ್ವಚ್ಛ ಎಂದು ಹೇಳಿಕೊಳ್ಳುತ್ತ ಸೀರೆ ಸುತ್ತಿಕೊಂಡೆ. ನೆರಿಗೆ ಎರಡು ಸಲ ಜಾರಿತು.

ಶನಿವಾರ ಬೆಳಗಿನ ಬಸ್ಸಿಗೆ ಬೆಂಗಳೂರಿನ ಡಬ್ಬಿ ಬಂತು. ಅಪರೂಪಕ್ಕೆ ಐಸ್ ಗಟ್ಟಿಯಾಗಿಯೇ ಇತ್ತು. ಎಂಟು ಗಂಟೆ, ಲ್ಯಾಬಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಮಾದರಿಗಳನ್ನು ನಾವು ಒಂದು ವಾರ ಫ್ರಿಜ್ಜಿನಲ್ಲಿ ಇಡುತ್ತೇವೆ. ಬುಧವಾರದ ನನ್ನ ಟ್ಯೂಬು ಅಲ್ಲೇ ಇತ್ತು. ಸೀಲಿನ ಸೀಸೆ ಒಡೆದು ಕಂಟ್ರೋಲಿಗೆ ಇಟ್ಟೆ, ನನ್ನದನ್ನು ರೋಗಿಯ ಜಾಗದಲ್ಲಿ ಇಟ್ಟೆ. ಓದಲು ನಲವತ್ತು ನಿಮಿಷ. ನೆಲ ಒರೆಸಿದೆ, ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ.

‘ಮೊಳಕೆ: ಒಂದು. ವಯಸ್ಸು: ೧೨ ದಿನ.’

ಸ್ಟೂಲು ಎಳೆದು ಕುಳಿತೆ. ಮೊದಲು ಬಂದದ್ದು ಕೆಟ್ಟ ಯೋಚನೆ, ಮೌನೇಶನ ಮೇಲೆ. ಪಾಪ, ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಮನುಷ್ಯ. ಬುಧವಾರದಿಂದ ಹನ್ನೆರಡು ದಿನ ಹಿಂದಕ್ಕೆ ಬೆರಳು ಮಡಿಸಿದೆ. ಶುಕ್ರವಾರ. ಆ ಸೂಜಿ. ಆದರೆ ಆ ಹುಡುಗಿ ಸ್ವಚ್ಛ ಎಂದು ಇದೇ ಪೆಟ್ಟಿಗೆ ಹೇಳಿತಲ್ಲ!

ಆಗ ಹೊಳೆಯಿತು. ಬುಧವಾರ ಕಂಟ್ರೋಲ್ ಯಾರದು? ನನ್ನದು. ನನ್ನ ರಕ್ತದಲ್ಲಿ ಆಗಲೇ ಅವಳ ಮೊಳಕೆ ಕುಡಿಯೊಡೆದಿತ್ತು. ಪೆಟ್ಟಿಗೆ ಅದನ್ನು ಕೊಳೆ ಎಂದು ತಿಳಿದು ಎಲ್ಲರ ಲೆಕ್ಕದಿಂದಲೂ ಕಳೆದಿತ್ತು. ಅವಳಲ್ಲಿ ಹಳೆಯ ಸೋಂಕಿದ್ದಿದ್ದರೆ ನೂರು ನಮೂನೆಯ ವೈರಾಣು ಇರುತ್ತಿದ್ದವು, ಒಂದನ್ನು ಕಳೆದರೂ ಉಳಿದವು ಸಿಕ್ಕಿಬೀಳುತ್ತಿದ್ದವು. ಹೊಸ ಸೋಂಕಾದ್ದರಿಂದ ಅವಳಲ್ಲಿ ಇದ್ದದ್ದೂ ಅದೊಂದೇ ನಮೂನೆ, ನನ್ನಲ್ಲಿ ಇದ್ದದ್ದೂ ಅದೇ. ಕಳೆದರೆ ಸೊನ್ನೆ. ನನ್ನ ರಕ್ತ ಅವಳ ರಕ್ತವನ್ನು ಬಚ್ಚಿಟ್ಟಿತ್ತು, ಆ ಸುಳ್ಳನ್ನೇ ನಂಬಿ ನಾನು ಸಮಾಧಾನ ಮಾಡಿಕೊಂಡಿದ್ದೆ.

ಭೂಮಿಕಾಳ ಬುಧವಾರದ ಟ್ಯೂಬು ಹುಡುಕಿ ಇಟ್ಟೆ. ಇನ್ನೂ ನಲವತ್ತು ನಿಮಿಷ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಒಂದು ಮೂರು ನಿಮಿಷ ನನ್ನೊಳಗಿನ ಹೇಡಿ ಮಾತಾಡಿದಳು. ಎರಡೂ ಟ್ಯೂಬು ಸಿಂಕಿಗೆ ಸುರಿ. ದೂರದ ಊರಿಗೆ ಹೋಗಿ ಹೇಗೋ ನಿನ್ನ ಸೂಜಿ ಹಾಕಿಸಿಕೋ, ನಿನಗಿನ್ನೂ ಹದಿನೈದು ದಿನವಿದೆ. ಯಾರಿಗೆ ಗೊತ್ತಾಗುತ್ತದೆ? ಟ್ಯೂಬಿನ ಮುಚ್ಚಳದ ಮೇಲೆ ನನ್ನ ಹೆಬ್ಬೆರಳು ಇಟ್ಟೂ ಆಗಿತ್ತು. ಆದರೆ ಹೊಸ ಸೋಂಕಿನ ಬಸುರಿಯ ರಕ್ತದಲ್ಲಿ ವೈರಾಣು ಉಕ್ಕುತ್ತಿರುತ್ತದೆ, ಮಗುವಿಗೆ ದಾಟುವ ಅಪಾಯ ಆಗಲೇ ಎಲ್ಲಕ್ಕಿಂತ ಹೆಚ್ಚು. ಸ್ವಚ್ಛ ಎಂದು ಬರೆದಿರುವುದರಿಂದ ತಾಯಿಗೆ ಮಾತ್ರೆ ಕೊಡುವವರಿಲ್ಲ, ಹುಟ್ಟಿದ ಮಗುವಿಗೆ ಔಷಧ ಕೊಡುವವರಿಲ್ಲ. ಅವಳು ಆ ಕಾರ್ಡನ್ನು ನಂಬಿ ಮೊಲೆಯೂಡಿಸುತ್ತಾಳೆ. ಹೆಬ್ಬೆರಳು ತೆಗೆದೆ.

ಪರದೆಯ ಮೇಲೆ ಅಕ್ಷರ ಮೂಡುವಾಗ ನದಾಫ್ ಮೇಡಂ ನನ್ನ ಹಿಂದೆ ಬಂದು ನಿಂತಿದ್ದರು.

‘ಮೊಳಕೆ: ಒಂದು. ವಯಸ್ಸು: ೨೬ ದಿನ.’

“ಯಾರದಿದು?”

ಎಲ್ಲ ಹೇಳಿದೆ. ಬೆರಳಿನದು, ಬರೆಯದೆ ಬಿಟ್ಟದ್ದು, ಕಂಟ್ರೋಲಿನದು. ಮೇಡಂ ಬೈಯುತ್ತಾರೆಂದು ಕಾದೆ. ಅವರು ಕ್ಯಾಲೆಂಡರ್ ನೋಡಿದರು.

“ಮೂರು ದಿನದ ಹಿಂದಿನ ರಕ್ತ. ಅಂದ್ರ ಇವತ್ತಿಗೆ ಇಪ್ಪತ್ತೊಂಬತ್ತು,” ಎಂದರು. “ನಾಳೆಗೆ ಮುಗೀತು. ನೀಲಕ್ಕ, ಬೈಯೂದು ಆಮ್ಯಾಲೆ. ಆ ರೂಢಿಗೆ ಕಣ್ಣು ಮುಚ್ಚಿದಾಕಿ ನಾನೂ ಇದೀನಿ.”

“ಸೂಜಿ ತಯಾರ ಮಾಡ್ರಿ ಮೇಡಂ.”

“ದೃಢ ಅಂತ ಒತ್ತದ ಹೊರತು ಪೆಟಿಗಿ ಶುರು ಮಾಡೂದಿಲ್ಲ. ನಾಲ್ಕು ತಾಸು ಬೇಕು. ಒತ್ತಿದ ಒಂದ ತಾಸಿಗೆ ಆ ಮನಿಗೆ ಗಂಟಿ ಬಾರಸ್ತೈತಿ. ಇವತ್ತ ಅಲ್ಲಿ ಏನೈತಿ ಅಂದಿ?”

“ಕುಬಸ.”

ಇಬ್ಬರಿಗೂ ಹಿಂದಿನ ಓಣಿಯ ಬಾವಿ ನೆನಪಾಯಿತು. “ನಾ ಒತ್ತತೀನಿ. ಗಂಟಿ ಬಾರಸೂದರಾಗ ನೀ ಅಲ್ಲಿರು,” ಎಂದರು ಮೇಡಂ. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಐದು ನಿಮಿಷವಾಗಿತ್ತು.

ಭೂಮಿಕಾಳ ಊರು ಹದಿನೆಂಟು ಕಿಲೋಮೀಟರ್ ದೂರ. ಮೌನೇಶನ ಅಂಗಡಿಗೆ ಓಡಿದೆ, ಅವನು ಗೇಟಿನ ಸರಳಿಗೆ ಬೆಸುಗೆ ಹಾಕುತ್ತಿದ್ದ. ಕನ್ನಡಕ ಹಣೆಗೇರಿಸಿ, “ಜ್ವರಾ ಕಡಿಮಿ ಆತನು?” ಎಂದ. ಸಾಮಾನು ಸಾಗಿಸುವ ಆಟೊ ತೆಗೆ, ದಾರಿಯಲ್ಲಿ ಹೇಳುತ್ತೇನೆ ಎಂದೆ. ನನ್ನ ಮುಖ ನೋಡಿ ಇನ್ನೊಂದು ಮಾತು ಕೇಳದೆ ತೆಗೆದ.

ಅವನ ಪಕ್ಕದಲ್ಲಿ ಒತ್ತಿ ಕುಳಿತು ಹೇಳಿದೆ. ಸಂದೇಶ ಬರುವ ಮೊದಲು ನನ್ನ ಬಾಯಿಂದಲೇ ಅವನಿಗೆ ಗೊತ್ತಾಗಬೇಕಿತ್ತು, ನಾಳೆ ನನ್ನ ಹೆಸರಿನಲ್ಲೂ ಅದೇ ಗಂಟೆ ಅವನ ಜೇಬಿನಲ್ಲಿ ಬಾರಿಸುವುದಿತ್ತು. ಮೌನೇಶ ಆಟೊ ನಿಲ್ಲಿಸಿದ. ಎರಡೂ ಕಡೆ ಸೂರ್ಯಕಾಂತಿ ಹೊಲ, ಎಂಜಿನ್ನಿನ ಸದ್ದು ಬಿಟ್ಟರೆ ಏನಿಲ್ಲ. ಅವನು ಇಳಿದು ಹೋಗಿಬಿಡುತ್ತಾನೆ ಎಂದುಕೊಂಡೆ.

“ಆವತ್ತ ಯಾಕ ಹೇಳಲಿಲ್ಲ?”

“ಹೆದರಿದ್ನಿ.”

“ನನಗ ಹೆದರಿದಿ? ನನಗ?” ಅವನ ಕಿವಿ ಕೆಂಪಾಗಿತ್ತು. “ನನಗೂ ಹತ್ತೇತೇನು?”

“ಗೊತ್ತಿಲ್ಲೋ. ಹತ್ತಿದ್ರೂ ದಿನಾ ಬಾಕಿ ಅದಾವು. ಆ ಹುಡುಗಿಗೆ ಇಲ್ಲ.”

ಅವನು ಗೇರ್ ಹಾಕಿದ. ನಾನು ಗಡಿಯಾರ ನೋಡಿದಾಗಲೆಲ್ಲ ಅವನು ಇನ್ನಷ್ಟು ಜೋರಾಗಿ ಓಡಿಸಿದ.

ನಾವು ಮುಟ್ಟಿದಾಗ ಹತ್ತೂ ಐವತ್ತೈದು. ಅಂಗಳದಲ್ಲಿ ಚಪ್ಪರ, ಹೆಂಗಸರ ಹಾಡು, ಹೋಳಿಗೆಯ ವಾಸನೆ. ಭೂಮಿಕಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು, ಎರಡೂ ಕೈತುಂಬ ಹಸಿರು ಬಳೆ. ಪಕ್ಕದಲ್ಲಿ ಅಭಿನಂದನ, ಹೊಸ ಶರ್ಟಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ನನ್ನನ್ನು ಕಂಡದ್ದೇ ಮಾದೇವಿ ಓಡಿಬಂದಳು.

“ಬರ್ರಿ ಅಕ್ಕಾರ ಬರ್ರಿ! ನೀವು ಕೊಟ್ಟ ಕಾರ್ಡ್ ನೋಡ್ರಿ, ಉಡ್ಯಾಗ ಹಾಕೇವಿ. ಬಂದಾಕಿ ನೀವೂ ಎರಡು ಬಳಿ ಇಡಸ್ರಿ.”

ಹುಡುಗಿಯ ಮಡಿಲಲ್ಲಿ ಅಕ್ಕಿಯ ನಡುವೆ ನನ್ನ ಕೈಬರಹದ ಹಸಿರು ಕಾರ್ಡು ಕುಂಕುಮ ಮೆತ್ತಿಕೊಂಡು ಕುಳಿತಿತ್ತು. ಹೇಗೋ ಅವಳ ಮುಂದೆ ಮೊಣಕಾಲೂರಿ, ಬಳೆ ಇಡಿಸುವ ನೆವದಿಂದ ಕೈ ಹಿಡಿದೆ.

“ಅವ್ವಿ, ನನ್ನ ಕೂಡ ಈಗ ದವಾಖಾನಿಗೆ ಬರಬೇಕು. ಕೂಸಿನ ಸಲುವಾಗಿ. ಏನೂ ಕೇಳಬ್ಯಾಡ, ಏಳು.”

ಅವಳ ಕಣ್ಣು ಅಗಲವಾದವು. “ಏನಾಗೇತ್ರಿ?” ಎಂದಳು. ಅಷ್ಟರಲ್ಲಿ ಅಭಿನಂದನನ ಜೇಬಿನಲ್ಲಿ ಬಾರಿಸಿತು. ಮೂರು ಸಲ.

ಹಾಡು ಕತ್ತರಿಸಿದಂತೆ ನಿಂತಿತು. ಆ ಸದ್ದು ಎಲ್ಲರಿಗೂ ಗೊತ್ತು. ಅವನು ಫೋನು ತೆಗೆದ, ಓದಿದ, ಹಾಗೇ ಕುಳಿತ. ಮಾದೇವಿ ಕಸಿದುಕೊಂಡು ಗಟ್ಟಿಯಾಗಿ ಓದಿದಳು. ಭೂಮಿಕಾಳ ಹೆಸರು ಬಂದಲ್ಲಿ ಅವಳ ದನಿ ಒಡೆಯಿತು. ಉಡಿ ತುಂಬುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಎಳೆದುಕೊಂಡು ಹಿಂದೆ ಸರಿದರು. ಅವಳ ತವರಿನವರು ಕೂಡ ನೆಲ ನೋಡಿದರು.

“ಯಾರಿಂದ ಬಂತ ಇದು? ಬಾಯಿ ಬಿಡ. ಯಾರಿಂದ?” ಮಾದೇವಿ ಸೊಸೆಯ ಭುಜ ಹಿಡಿದು ಅಲುಗಿಸಿದಳು.

ಭೂಮಿಕಾ ಹಿತ್ತಲ ಬಾಗಿಲ ಕಡೆ ನೋಡಿದಳು. ಬಾಗಿಲ ಆಚೆ ಬಾವಿಯ ರಾಟೆ ಕಾಣುತ್ತಿತ್ತು. ಅವಳು ನೋಡಿದ್ದನ್ನು ನಾನು ನೋಡಿದೆ.

“ನನ್ನಿಂದ,” ಎಂದೆ.

ಯಾರಿಗೂ ತಿಳಿಯಲಿಲ್ಲ. ಎದ್ದು ನಿಂತು ಇನ್ನೊಮ್ಮೆ ಹೇಳಿದೆ. “ನನ್ನಿಂದ ಬಂತು. ನಮ್ಮ ಲ್ಯಾಬಿನ ಸೂಜಿಯಿಂದ. ನನ್ನ ರಕ್ತದಾಗೂ ಅದ ಐತಿ, ಬೇಕಾದ್ರ ಪೆಟಿಗಿ ನೋಡಿ ಬರ್ರಿ. ಈ ಹುಡುಗಿದು ಒಂದ ಎಳಿಯಷ್ಟೂ ತಪ್ಪಿಲ್ಲ. ಕಾರ್ಡೂ ನಾನ ತಪ್ಪು ಬರದೀನಿ.”

ದಾಟಿದ್ದು ಅವಳಿಂದ ನನಗೆ, ನನ್ನಿಂದ ಅವಳಿಗಲ್ಲ. ಇಪ್ಪತ್ತಾರು ದಿನ ದೊಡ್ಡದು, ಹನ್ನೆರಡು ಚಿಕ್ಕದು. ಆ ಅಂಕಿಗಳು ಲ್ಯಾಬಿನ ಪರದೆಯ ಮೇಲಿದ್ದವು, ಚಪ್ಪರದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾದೇವಿಯ ಕೈ ನನ್ನ ಕೆನ್ನೆಗೆ ಬಿತ್ತು. ಯಾರೋ ತಟ್ಟೆ ಎಸೆದರು, ಕೊಬ್ಬರಿ ಬಟ್ಟಲು ಹಣೆಗೆ ಬಡಿಯಿತು. ಮೌನೇಶ ಓಡಿಬಂದು ಅಡ್ಡ ನಿಂತ, ಅವನಿಗೂ ಎರಡು ಬಿದ್ದವು. ಆ ಗದ್ದಲದ ನಡುವೆ ಒಂದು ಮಾತು ಕೇಳಿಸಿತು, ಅದಕ್ಕಾಗಿ ಇನ್ನೂ ನಾಲ್ಕು ಏಟು ತಿನ್ನಲು ನಾನು ತಯಾರಿದ್ದೆ. ಮಾದೇವಿ ಸೊಸೆಯನ್ನು ಎದೆಗೆ ಅವುಚಿಕೊಂಡು ಕೂಗುತ್ತಿದ್ದಳು: “ನನ್ನ ಸೊಸಿಗೆ, ನನ್ನ ಮೊಮ್ಮಗಗ ಏನರ ಆದ್ರ ನಿನ್ನ ಜೀವಂತ ಬಿಡೂದಿಲ್ಲ!” ಸರಿದು ನಿಂತಿದ್ದ ಹೆಂಗಸರು ಮತ್ತೆ ಅವಳ ಸುತ್ತ ಸೇರಿದರು.

ಎಲ್ಲರೂ ಬೈದರು. ಮಾವ, ಭಾವ, ತವರಿನ ಅಣ್ಣಂದಿರು, ಹೆಸರು ಗೊತ್ತಿಲ್ಲದವರು ಕೂಡ. ಬೈಯದವನು ಒಬ್ಬನೇ. ಅಭಿನಂದನ ಮಣೆಯಿಂದ ಏಳದೆ ತನ್ನ ಕಾಲ ಹೆಬ್ಬೆರಳು ನೋಡುತ್ತ ಕುಳಿತಿದ್ದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಸೋಂಕು ಅವಳಿಗೆ ಯಾರಿಂದ ಬಂತು ಎಂದು ಪೆಟ್ಟಿಗೆ ಹೇಳಬೇಕಾದ್ದನ್ನು ಅದೇ ಹೇಳಿತು. ನಾನು ಬಗ್ಗಿ ಅವನಿಗಷ್ಟೇ ಕೇಳುವಂತೆ, “ತಮ್ಮಾ, ನೀನೂ ಆಟೊ ಹತ್ತು. ರಕ್ತ ಕೊಡಬೇಕು,” ಎಂದೆ. ಅವನು ತಲೆಯೆತ್ತದೆ ಬಂದು ಹತ್ತಿದ.

ಮಧ್ಯಾಹ್ನ ಎರಡೂವರೆಗೆ ನದಾಫ್ ಮೇಡಂ ಭೂಮಿಕಾಳಿಗೆ ಸೂಜಿ ಹಾಕಿದರು. ಈ ಸಲ ಅವಳು ಕೈ ಕೊಸರಲಿಲ್ಲ. ಅಭಿನಂದನನದು ಹಳೆಯ, ನೂರು ಕವಲಿನ ಸೋಂಕು. ಅಂಥದ್ದಕ್ಕೆ ಮನೆಗೆ ಸಂದೇಶ ಹೋಗುವುದಿಲ್ಲ. ಅವನು ಆವತ್ತೇ ಮಾತ್ರೆ ಶುರು ಮಾಡಿದ. ಭೂಮಿಕಾಳನ್ನು ಒಳಗೆ ಕರೆದು ಮೇಡಂ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು, ಯಾವುದು ಎಷ್ಟು ದಿನದ್ದು ಎಂಬುದನ್ನೂ ಸೇರಿಸಿ. ಅದು ಅವಳ ಮೈ, ಅವಳಿಗೆ ಗೊತ್ತಿರಬೇಕು. ಹೊರಗೆ ಬಂದವಳು ಗಂಡನ ಪಕ್ಕ ಕೂರಲಿಲ್ಲ. ಅತ್ತೆಯ ಪಕ್ಕ ಕುಳಿತಳು.

ಮರುದಿನ ನನ್ನ ಸರದಿ. ಸಾವಿರ ಸಾವಿರ ತೋಳು ಹಿಡಿದವಳು, ಮೇಡಂ ಸೂಜಿ ತಂದಾಗ ನನ್ನ ಕೈ ತಾನೇ ಕೊಸರಿತು. “ಅಲ್ಲಾಡಬ್ಯಾಡ ನೀಲಕ್ಕ,” ಎಂದು ಅವರು ಗದರಿದರು. ಮೌನೇಶನ ರಕ್ತದಲ್ಲಿ ಏನೂ ಸಿಗಲಿಲ್ಲ. ಅವನು ಹದಿನೈದು ದಿನಕ್ಕೊಮ್ಮೆ ತಾನೇ ಹೋಗಿ ಮತ್ತೆ ಮತ್ತೆ ಕೊಟ್ಟುಬಂದ. ಪ್ರತಿ ಸಲ ಬರುವವರೆಗೂ ನಾನು ಒಲೆ ಹಚ್ಚುತ್ತಿರಲಿಲ್ಲ.

ವಿಚಾರಣೆ ನಡೆಯಿತು, ನನ್ನನ್ನು ಮನೆಗೆ ಕಳಿಸಿದರು. ಮೇಡಂ ತಮ್ಮ ಪಾಲಿನ ತಪ್ಪನ್ನೂ ಬರೆದುಕೊಟ್ಟರು. ಊರಿನಲ್ಲಿ ನಾನೀಗ ಬಸುರಿಗೆ ರೋಗ ಹಚ್ಚಿದವಳು. ಸಂತೆಯಲ್ಲಿ ನಾನು ಮುಟ್ಟಿದ ಟೊಮೇಟೊ ಬುಟ್ಟಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ನಿಜ ಹೇಳಿಬಿಡಲೇ ಎಂದು ಒಂದೆರಡು ಸಲ ನಾಲಿಗೆಯ ತುದಿಗೆ ಬಂದದ್ದುಂಟು. ಬಾವಿಯ ರಾಟೆ ನೆನೆಸಿಕೊಂಡು ನುಂಗಿಕೊಂಡಿದ್ದೇನೆ.

ಭೂಮಿಕಾಳಿಗೆ ಹೆಣ್ಣು ಹುಟ್ಟಿತು. ನಲವತ್ತೈದನೇ ದಿನ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಕೊನೆಯ ತಪಾಸಣೆ. ಅವಳೇ ಫೋನು ಮಾಡಿದಳು. “ಅಕ್ಕಾರ, ನೀವೂ ಬರ್ರಿ. ಒಬ್ಬಾಕಿಗೇ ಕುಂಡ್ರಾಕ ಆಗೂದಿಲ್ಲ.”

ಲ್ಯಾಬಿನ ಹೊರಗಿನ ಬೆಂಚಿನ ಒಂದು ತುದಿಗೆ ಮಾದೇವಿ ನನಗೆ ಬೆನ್ನು ಹಾಕಿ ಕುಳಿತಿದ್ದಳು. ನಡುವೆ ಭೂಮಿಕಾ, ಮಡಿಲಲ್ಲಿ ಮಗು. ಈ ತುದಿಗೆ ನಾನು. ನಲವತ್ತು ನಿಮಿಷ. ಒಳಗೆ ಪೆಟ್ಟಿಗೆ ಗುಂಯ್ ಎನ್ನುವುದು ಕೇಳುತ್ತಿತ್ತು. ಅದರ ಯಾವ ಸದ್ದಿಗೆ ಏನು ಕೆಲಸ ಎಂದು ಗೊತ್ತಿದ್ದವಳು ನಾನೊಬ್ಬಳೇ, ಅದಕ್ಕೇ ಎಲ್ಲರಿಗಿಂತ ಹೆಚ್ಚು ಹೆದರಿದವಳೂ ನಾನೇ. ಭೂಮಿಕಾ ಅತ್ತೆಗೆ ಕಾಣದಂತೆ ನನ್ನ ತೋರುಬೆರಳು ಹಿಡಿದುಕೊಂಡಳು, ಸೂಜಿ ಇಳಿದಿದ್ದ ಅದೇ ಬೆರಳು.

ಬಾಗಿಲು ತೆರೆಯಿತು. ನದಾಫ್ ಮೇಡಂ ನಗುತ್ತಿದ್ದರು. “ಸ್ವಚ್ಛ,” ಎಂದರು.

ಮಾದೇವಿ ಎರಡೂ ಕೈ ಜೋಡಿಸಿ ಅಳತೊಡಗಿದಳು. ಭೂಮಿಕಾ ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಪದವನ್ನು ಅವಳಿಗೆ ಮೊದಲು ಬರೆದುಕೊಟ್ಟವಳು ನಾನು.

“ಮೇಡಂ,” ಎಂದೆ, “ಕಂಟ್ರೋಲ್ ಯಾರದು?”

ಮೇಡಂ ಸಿಟ್ಟಾಗಲಿಲ್ಲ. ಒಳಗೆ ಹೋಗಿ ಖಾಲಿ ಸೀಸೆಯನ್ನೂ ಒಡೆದ ಸೀಲನ್ನೂ ತಂದು ನನ್ನ ಅಂಗೈಯಲ್ಲಿಟ್ಟರು. ಸಂಖ್ಯೆ ಓದಿದೆ, ತಾರೀಖು ಓದಿದೆ, ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದೆ. ಸೀಲು ಆವತ್ತು ಬೆಳಗ್ಗೆ ಒಡೆದದ್ದೇ. ಆಮೇಲೆ ಅದನ್ನು ಭೂಮಿಕಾಳ ಕೈಗೆ ಕೊಟ್ಟು ಅವಳಿಂದಲೂ ಓದಿಸಿದೆ.